ಹೊಸ ಆರ್‌ಟಿ ವಿದ್ಯಾರ್ಥಿ: ಜೋಡಣೆ, ಬಳಕೆ, ನಿರ್ವಹಣೆ

ಐಸಿಯುಗೆ ಹೊಸ ವೆಂಟಿಲೇಟರ್ ಬಂದರೆ ಅದರ ಜೊತೆ ದಪ್ಪನೆಯ ಕೈಪಿಡಿ ಬರುತ್ತದೆ, ಕಂಪನಿಯ ಎಂಜಿನಿಯರ್ ಬರುತ್ತಾನೆ, ಡೆಮೊ ನಡೆಯುತ್ತದೆ, ಕೊನೆಗೆ ಸಮೋಸ ಹಂಚಿ ಗುಂಪು ಫೋಟೋ ತೆಗೆಯುತ್ತಾರೆ. ಅದೇ ವೆಂಟಿಲೇಟರನ್ನು ಮುಂದೆ ನಡೆಸಬೇಕಾದ ಉಸಿರಾಟ ಚಿಕಿತ್ಸೆಯ ವಿದ್ಯಾರ್ಥಿ ಮಾತ್ರ ಸೋಮವಾರ ಬೆಳಿಗ್ಗೆ ಎಂಟಕ್ಕೆ, ಯಾವ ಕೈಪಿಡಿಯೂ ಇಲ್ಲದೆ, ಬಾಗಿಲ ಬಳಿ ಬಂದು ನಿಂತಿರುತ್ತದೆ. ಒಳಗೆ ಬರಬಹುದೇ ಎಂದು ಯಾರನ್ನು ಕೇಳಬೇಕೆಂಬುದೂ ಅದಕ್ಕೆ ಗೊತ್ತಿರುವುದಿಲ್ಲ. ಆ ಕೊರತೆ ನೀಗಿಸಲು ಈ ಕೈಪಿಡಿ. ಐಸಿಯು ಇನ್‌ಚಾರ್ಜ್, ಸೀನಿಯರ್ ಥೆರಪಿಸ್ಟ್, ರಾತ್ರಿ ಪಾಳಿಯ ಸಿಸ್ಟರ್ ಮತ್ತು ‘ಆ ಆಕ್ಸಿಜನ್ ಹುಡುಗನ್ನ ಕರೀರಿ’ ಎಂದು ಕೂಗುವ ಡ್ಯೂಟಿ ಡಾಕ್ಟರು ಉಪಕರಣವನ್ನು ಮುಟ್ಟುವ ಮೊದಲು ಇದನ್ನು ಓದಿಕೊಳ್ಳತಕ್ಕದ್ದು.

ಪೆಟ್ಟಿಗೆಯಲ್ಲಿ ಏನೇನಿದೆ

ವಿದ್ಯಾರ್ಥಿ, 1. ಇಸ್ತ್ರಿಯ ಗೆರೆ ಮಾಸದ ಬಿಳಿ ಏಪ್ರನ್, 1. ಬಣ್ಣ ನೋಡಿ ಕೊಂಡ ಸ್ಟೆತಾಸ್ಕೋಪ್, 1. ಲಾಗ್‌ಬುಕ್, 1. ಪೆನ್ನು, 3. ಮಧ್ಯಾಹ್ನದ ಹೊತ್ತಿಗೆ ಪೆನ್ನು ಮೂರೂ ಡಾಕ್ಟರುಗಳ ಜೇಬು ಸೇರಿರುತ್ತವೆ; ಇದು ತಯಾರಿಕೆಯ ದೋಷವಲ್ಲ.

ಉಪಕರಣದ ಮೆಮೊರಿಯಲ್ಲಿ ಕಾಲೇಜಿನವರು ಕೆಲವು ಅಂಕಿಗಳನ್ನು ತುಂಬಿಯೇ ಕಳಿಸಿರುತ್ತಾರೆ. ರಕ್ತದ ಪಿಎಚ್ 7.35ರಿಂದ 7.45, ಕಾರ್ಬನ್ ಡೈಆಕ್ಸೈಡಿನ ಒತ್ತಡ 35ರಿಂದ 45, ಬೈಕಾರ್ಬನೇಟ್ 22ರಿಂದ 26. ವೆಂಚುರಿ ಮಾಸ್ಕಿನ ನೀಲಿ ತುಂಡಿಗೆ ಶೇಕಡಾ 24 ಆಕ್ಸಿಜನ್, ಬಿಳಿಗೆ 28, ಹಸಿರಿಗೆ 60. ನಡುರಾತ್ರಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತದೆ. ಆದರೆ ಮಂಚದ ಯಾವ ಬದಿಗೆ ನಿಲ್ಲಬೇಕು, ಪರದೆ ಎಳೆಯುವವರು ಯಾರು, ಸಿಸ್ಟರ್ ಔಷಧಿ ಹಾಕುತ್ತಿರುವಾಗ ಮಾತಾಡಿಸಬಹುದೇ, ಇದ್ಯಾವುದೂ ಮೆಮೊರಿಯಲ್ಲಿ ಇಲ್ಲ. ಸ್ಕಿಲ್ ಲ್ಯಾಬಿನಲ್ಲಿ ರಬ್ಬರಿನ ಬೊಂಬೆಯ ಗಂಟಲಿಗೆ ನಳಿಕೆ ಇಳಿಸಿ ಶಭಾಷ್ ಅನ್ನಿಸಿಕೊಂಡ ಅನುಭವ ಉಂಟು. ಬೊಂಬೆ ಕೆಮ್ಮುವುದಿಲ್ಲ, ವಾಂತಿ ಮಾಡುವುದಿಲ್ಲ, ಅದರ ಮಗ ಬಾಗಿಲಲ್ಲಿ ನಿಂತು ‘ನಮ್ಮಪ್ಪ ಉಳೀತಾರಾ ಸಾರ್’ ಎಂದು ಕೇಳುವುದಿಲ್ಲ.

ಆನ್ ಮಾಡುವ ಮುನ್ನ

ರೋಗಿಗೆ ಜೋಡಿಸುವ ಮೊದಲು ವೆಂಟಿಲೇಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಕೊಳವೆಯಲ್ಲಿ ಸೋರಿಕೆ ಇದೆಯೇ, ಆಕ್ಸಿಜನ್ ಸೆನ್ಸರ್ ಸರಿಯಿದೆಯೇ ಎಂದು ನೋಡಿ, ಎಲ್ಲ ಸರಿಯಿದ್ದರೆ ಹಸಿರು ಗುರುತು ತೋರಿಸುತ್ತದೆ. ವಿದ್ಯಾರ್ಥಿಗೂ ಇಂಥದೊಂದು ಪರೀಕ್ಷೆ ಬೇಕು. ಅದರಲ್ಲಿ ಮೊದಲ ಪ್ರಶ್ನೆ: ತಿಂಡಿ ತಿಂದಿದೆಯೇ? ನಗಬೇಡಿ. ಮೊದಲ ಸಲ ಟ್ರಕಿಯಾಸ್ಟಮಿ ನಳಿಕೆಯೊಳಗಿನಿಂದ ಕಫ ಎಳೆಯುವುದನ್ನು ಹತ್ತಿರ ನಿಂತು ನೋಡುವಾಗ ಖಾಲಿ ಹೊಟ್ಟೆಯ ಉಪಕರಣ ನಿಂತಲ್ಲೇ ಕುಸಿಯುತ್ತದೆ. ಆಗ ಐಸಿಯುಗೆ ಒಂದು ಮಂಚ ಹೆಚ್ಚಿಗೆ ಬೇಕಾಗುತ್ತದೆ.

ಎರಡನೆಯದು ಕೈ. ಉಗುರು, ಉಂಗುರ, ವಾಚು, ದಾರ. ದೇವಸ್ಥಾನದ ದಾರವನ್ನು ಬಿಚ್ಚಿಸಲು ಹೋದರೆ ಉಪಕರಣದ ತಾಯಿಯಿಂದ ಫೋನು ಬರಬಹುದು. ಮೊಣಕೈವರೆಗೆ ಬರಿಗೈ ಎಂಬ ನಿಯಮ ದೇವರಿಗೂ ತಿಳಿದಿದೆ ಎಂದು ಹೇಳಿ ಸಮಾಧಾನ ಮಾಡಿ.

ಮೂರನೆಯದು ಕಣ್ಣು. ಇದು ಮುಖ್ಯವಾದದ್ದು, ನಿಂತು ಓದಿ. ಹೊಸ ಉಪಕರಣಗಳಲ್ಲೆಲ್ಲ ಒಂದು ಸಾಮಾನ್ಯ ದೋಷ ಕಾಣುತ್ತದೆ: ಕಣ್ಣು ರೋಗಿಯನ್ನು ದಾಟಿ ಸೀದಾ ಮಾನಿಟರಿಗೆ ಹೋಗಿ ಅಂಟಿಕೊಳ್ಳುತ್ತದೆ. ಪರಿಹಾರ ಸುಲಭ. ಮಾನಿಟರಿನ ಮೇಲೆ ಒಂದು ಹಸಿರು ಬಟ್ಟೆ ಹಾಕಿ. ಈಗ ಕೇಳಿ: ಈ ಮನುಷ್ಯ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಿದ್ದಾನೆ? ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲು ಬಿಡಬೇಡಿ, ಪೂರ್ತಿ ನಿಮಿಷ ಎಣಿಸಲಿ. ಆ ಒಂದು ನಿಮಿಷದಲ್ಲಿ ಉಪಕರಣ ಬೇರೆ ಏನೇನನ್ನೋ ಕಾಣತೊಡಗುತ್ತದೆ. ಕತ್ತಿನ ಸ್ನಾಯು ಹಗ್ಗದ ಹಾಗೆ ಬಿಗಿದಿದೆ. ಮೂಗಿನ ಹೊಳ್ಳೆ ಅರಳುತ್ತಿದೆ. ಎದೆ ಏರುವಾಗ ಹೊಟ್ಟೆ ಒಳಗೆ ಹೋಗುತ್ತಿದೆ. ಎರಡೂ ಕೈ ಮಂಚದ ಅಂಚು ಹಿಡಿದಿವೆ. ‘ಹೆಸರೇನು’ ಎಂದರೆ ಹೆಸರು ಎರಡು ಕಂತಿನಲ್ಲಿ ಬರುತ್ತದೆ. ಬಟ್ಟೆ ತೆಗೆದರೆ ಪರದೆಯ ಮೇಲೆ ಆಕ್ಸಿಜನ್ 94 ಎಂದು ನೆಮ್ಮದಿಯಾಗಿ ಕೂತಿರುತ್ತದೆ. ದಣಿದು ಇನ್ನೇನು ಸೋಲಲಿರುವ ರೋಗಿ ಈ ಅಂಕಿಯಲ್ಲಿ ಕಾಣುವುದಿಲ್ಲ. ಒಂದು ಸಲ ಹೀಗೆ ನೋಡಿದ ಉಪಕರಣಕ್ಕೆ ಆಮೇಲೆ ಬಟ್ಟೆ ಬೇಕಾಗುವುದಿಲ್ಲ. ಎಷ್ಟೋ ಕಡೆ ಇಡೀ ಪೋಸ್ಟಿಂಗ್ ಮುಗಿದರೂ ಈ ಪರೀಕ್ಷೆ ಮಾಡಿಸುವುದಿಲ್ಲ, ಬಟ್ಟೆ ಇಲ್ಲದೆ ಅಲ್ಲ, ಪಕ್ಕದಲ್ಲಿ ನಿಲ್ಲುವಷ್ಟು ಹೊತ್ತು ಯಾರಿಗೂ ಇಲ್ಲದೆ.

ಭಾಷೆ ಸೆಟ್ಟಿಂಗ್

ಉಪಕರಣ ಕೇರಳದ್ದಿರಬಹುದು, ರೋಗಿ ಕಲಬುರಗಿಯವರಿರಬಹುದು, ಆಸ್ಪತ್ರೆ ಮಂಗಳೂರಿನದಿರಬಹುದು. ‘ದಮ್ಮ ಹತ್ತೇತ್ರಿ’ ಎಂದರೂ ‘ಉಸ್ರು ಕಟ್ತದೆ ಕಣಪ್ಪ’ ಎಂದರೂ ‘ಗೂರಲು ಎದ್ದಿದೆ’ ಎಂದರೂ ಹಿಡಿದುಕೊಳ್ಳುವ ಹಾಗೆ ಕಿವಿಯನ್ನು ಹೊಂದಿಸಬೇಕು. ಬಾಯಿಗೆ ಎಳೀರಿ, ಬಿಡಿ, ತಡೀರಿ, ಕೆಮ್ಮಿ ಎಂಬ ನಾಲ್ಕು ಮಾತು ಬಂದರೆ ಮೊದಲ ವಾರಕ್ಕೆ ಸಾಕು.

ನಾಲ್ಕೂ ಬಂದಮೇಲೆ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟು ಶಸ್ತ್ರಚಿಕಿತ್ಸೆಯಾದ ಅಜ್ಜಿಯೊಬ್ಬರ ಬಳಿ ಕಳಿಸಿ. ಸೆಕೆಂಡಿಗೆ 600 ಮಿಲಿಲೀಟರ್ ವೇಗದಲ್ಲಿ ಗಾಳಿ ಒಳಗೆಳೆದರೆ ಮೊದಲ ಚೆಂಡು ಏಳುತ್ತದೆ, 900ಕ್ಕೆ ಎರಡನೆಯದು, 1200ಕ್ಕೆ ಮೂರನೆಯದು. ಲೋಕದಲ್ಲಿ ಇದನ್ನು ಮೊದಲ ಸಲ ಕೈಗೆ ತೆಗೆದುಕೊಂಡವರೆಲ್ಲ ಊದುತ್ತಾರೆ. ಅಜ್ಜಿಯೂ ಊದುತ್ತಾರೆ.

‘ಊದಬೇಡಿ ಅಜ್ಜಿ, ಎಳ್ಕೊಳ್ಳಿ. ಸ್ಟ್ರಾನಲ್ಲಿ ಎಳನೀರು ಕುಡಿಯಲ್ವಾ, ಹಾಗೆ.’

‘ನಾನು ಎಳನೀರ್ನ ಎತ್ತಿ ಕುಡಿಯೋದು ಕಣಪ್ಪ. ಆ ಕಡ್ಡಿ ಗಿಡ್ಡಿ ಎಲ್ಲ ನಂಗಾಗಲ್ಲ.’

ಉಪಕರಣ ಇಲ್ಲಿ ಸ್ವಲ್ಪ ಹೊತ್ತು ನಿಂತುಹೋಗುತ್ತದೆ. ಸೀನಿಯರ್ ಮಧ್ಯೆ ಬಾಯಿ ಹಾಕಬಾರದು. ಅದು ಬಿಸಿಯಾಗುತ್ತಿದೆ, ಕೆಟ್ಟಿಲ್ಲ. ನೆಲ ನೋಡುತ್ತದೆ, ಸೂರು ನೋಡುತ್ತದೆ, ಪಕ್ಕದ ಮಂಚದವರ ಮೇಜಿನ ಮೇಲಿರುವ ಫ್ಲಾಸ್ಕ್ ನೋಡುತ್ತದೆ.

‘ಅಜ್ಜಿ, ಬಿಸಿ ಕಾಫಿ ಬಸಿಗೆ ಹಾಕ್ಕೊಂಡು ಸೊರ್ ಅಂತ ಎಳ್ಕೊಳ್ತೀರಲ್ಲ?’

‘ಹ್ಞೂ, ಅದು ಆಯ್ತದೆ.’

ಎರಡು ಚೆಂಡು ಏಳುತ್ತವೆ. ಈ ಉಪಮೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಲಾಗ್‌ಬುಕ್ಕಿನಲ್ಲಿ ಬರೆಯಲು ಕಾಲಮ್ಮೂ ಇಲ್ಲ. ಪುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳಬೇಕಾದ ರೋಟಾಹೇಲರ್ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿಬಿಟ್ಟು ‘ದಮ್ಮು ಕಡಿಮೆ ಆಗ್ಲಿಲ್ಲ’ ಎಂದು ಬರುವವರ ವಿಷಯದಲ್ಲೂ ಇದೇ ಕ್ರಮ: ಬೈಯಬೇಡಿ, ಮನೆಯಲ್ಲಿ ಹೇಗೆ ತಗೋತೀರಿ ತೋರಿಸಿ ಅನ್ನಿ.

ಜೋಡಣೆಯ ಅಳತೆಗಳು

ವಿದ್ಯಾರ್ಥಿಯ ಏಪ್ರನ್ ಜೇಬಿನಲ್ಲಿ ದರ್ಜಿಯ ಟೇಪು ಇರತಕ್ಕದ್ದು. ವೆಂಟಿಲೇಟರ್ ಒಂದೊಂದು ಉಸಿರಿಗೆ ಎಷ್ಟು ಗಾಳಿ ತಳ್ಳಬೇಕೆಂಬುದನ್ನು ರೋಗಿಯ ತೂಕ ನೋಡಿ ಅಲ್ಲ, ಎತ್ತರ ನೋಡಿ ಲೆಕ್ಕ ಹಾಕಬೇಕು. ಮೈ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. 150 ಸೆಂಟಿಮೀಟರ್ ಎತ್ತರದ, 80 ಕಿಲೋ ತೂಗುವ ಹೆಂಗಸಿಗೆ ಲೆಕ್ಕದ ತೂಕ 43 ಕಿಲೋ ಚಿಲ್ಲರೆ. ಕಿಲೋಗೆ 6 ಮಿಲಿಲೀಟರಿನಂತೆ 260. ತೂಕ ನೋಡಿ ಹಾಕಿದ ಉಪಕರಣ 480 ತಳ್ಳಿಬಿಡುತ್ತದೆ. ಶ್ವಾಸಕೋಶ ತೀವ್ರವಾಗಿ ಹಾನಿಗೊಂಡ 861 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಮೆರಿಕದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು: ಕಿಲೋಗೆ 12 ಮಿಲಿಲೀಟರ್ ಕೊಟ್ಟ ಗುಂಪಿನಲ್ಲಿ ಶೇಕಡಾ 39.8 ಮಂದಿ ಸತ್ತರು, 6 ಕೊಟ್ಟ ಗುಂಪಿನಲ್ಲಿ 31. ಮಲಗಿದ ಮನುಷ್ಯನ ಪಕ್ಕ ಟೇಪು ಹಿಡಿದು ನಿಂತ ವಿದ್ಯಾರ್ಥಿಯನ್ನು ನೋಡಿ ಶವಪೆಟ್ಟಿಗೆಗೆ ಅಳತೆ ತೆಗೆಯುತ್ತಿದ್ದಾರೆಂದು ಸಂಬಂಧಿಕರು ಗಾಬರಿಯಾಗುವುದುಂಟು. ಆದ್ದರಿಂದ ಅಳೆಯುವ ಮುನ್ನ ಯಾಕೆಂದು ಹೇಳುವುದನ್ನೂ ಕಲಿಸಿ.

ಸಿಲಿಂಡರ್ ಲೆಕ್ಕವನ್ನು ಕ್ಯಾಲ್ಕುಲೇಟರ್ ಇಲ್ಲದೆ ಮಾಡಿಸಿ. ಬಿ ಟೈಪಿನಲ್ಲಿ 1500 ಲೀಟರ್, ಜಂಬೋದಲ್ಲಿ 7000. ನಿಮಿಷಕ್ಕೆ 10 ಲೀಟರಿನಂತೆ ಚಿಕ್ಕದು 150 ನಿಮಿಷ ಬರುತ್ತದೆ. ಅದನ್ನೇ 60 ಲೀಟರ್ ಹೀರುವ ಹೈಫ್ಲೋಗೆ ಕಟ್ಟಿದರೆ 25 ನಿಮಿಷ. ಮುಳ್ಳು ಅರ್ಧಕ್ಕೆ ಬಂದಿದ್ದರೆ ಅದರಲ್ಲೂ ಅರ್ಧ. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದಿಂದ ಬಂದ ಆಕ್ಸಿಜನ್ ಕೊರತೆಯ ಸಾವುಗಳ ಸುದ್ದಿ ಓದಿದವರಿಗೆ ಈ ಭಾಗಾಕಾರ ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿಲ್ಲ.

ಕಫ ಎಳೆಯುವ ವಿಧಾನ

ಮೊದಲು ಪೂರ್ತಿ ಆಕ್ಸಿಜನ್ ಕೊಡಿ. ಕ್ಯಾಥೆಟರಿನ ದಪ್ಪ ನಳಿಕೆಯ ಒಳಗಿನ ಅಗಲದ ಅರ್ಧ ಮೀರಬಾರದು. ಎಂಟನೇ ನಂಬರಿನ ನಳಿಕೆಗೆ ಹನ್ನೆರಡರ ಕ್ಯಾಥೆಟರ್. ಒಳಗೆ ಹಾಕುವಾಗ ಎಳೆತ ಬೇಡ, ಹೊರಗೆ ತೆಗೆಯುವಾಗ ಮಾತ್ರ. ಒಟ್ಟು 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಒಳಗಿರಬಾರದು. ಗಡಿಯಾರ ನೋಡಿದರೆ ಕೈ ನೋಡಲಾಗದು, ಕೈ ನೋಡಿದರೆ ಗಡಿಯಾರ ನೋಡಲಾಗದು. ಹಳಬರ ಉಪಾಯ ಇದು: ಕ್ಯಾಥೆಟರ್ ಇಳಿಸುವಾಗ ನೀನೂ ಉಸಿರು ಹಿಡಿ. ನಿನಗೆ ಉಸಿರು ಬೇಕೆನಿಸಿದಾಗ ಅವರಿಗೂ ಬೇಕು, ತೆಗಿ. ಇದನ್ನು ಬಾಯಲ್ಲಿ ಹೇಳಿದರೆ ಉಪಕರಣ ತಲೆಯಾಡಿಸುತ್ತದೆ, ಅಷ್ಟೇ. ಗ್ಲೌಸ್ ಹಾಕಿಸಿ, ಅದರ ಕೈಯ ಮೇಲೆ ನಿಮ್ಮ ಕೈ ಇಟ್ಟು ಒಂದು ಸಲ ಮಾಡಿಸಿ. ಕ್ಯಾಥೆಟರ್ ಎಲ್ಲಿ ತಡೆಯುತ್ತದೆ, ತಡೆದಲ್ಲಿಂದ ಎಷ್ಟು ಹಿಂದೆ ಬರಬೇಕು ಎಂಬುದನ್ನು ಬೆರಳಷ್ಟೇ ಕಲಿಯುತ್ತದೆ.

ಎಬಿಜಿಗೆ, ಅಂದರೆ ಅಪಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆಗೆ, ಮಣಿಕಟ್ಟಿನ ರಕ್ತ ತೆಗೆಯುವುದೂ ಹೀಗೆಯೇ. ಮೊದಲು ಕೈಗೆ ರಕ್ತ ಸರಿಯಾಗಿ ಹರಿಯುತ್ತದೆಯೇ ಎಂದು ನೋಡುವ ಆಲನ್ ಪರೀಕ್ಷೆ. ರಕ್ತ ತಾನಾಗಿ ಸಿರಿಂಜಿಗೆ ಏರಬೇಕು. ಗುಳ್ಳೆ ತೆಗೆಯಬೇಕು. ಆಮೇಲೆ ಐದು ನಿಮಿಷ ಒತ್ತಿ ಹಿಡಿಯಬೇಕು, ಆ ಐದು ನಿಮಿಷದಲ್ಲಿ ರೋಗಿಯ ಜೊತೆ ಏನಾದರೂ ಮಾತಾಡಬೇಕು. ಹೊಸ ಉಪಕರಣ ಹವಾಮಾನದ ಬಗ್ಗೆ ಮಾತಾಡುತ್ತದೆ. ಐಸಿಯುಗೆ ಕಿಟಕಿಯಿಲ್ಲ.

ಸಾಗಣೆ ಮತ್ತು ಆವೃತ್ತಿಯ ಇತಿಹಾಸ

ರೋಗಿಯನ್ನು ಸ್ಕ್ಯಾನಿಂಗಿಗೆ ಒಯ್ಯುವಾಗ ಅಂಬು ಬ್ಯಾಗ್ ವಿದ್ಯಾರ್ಥಿಯ ಕೈಗೆ ಬರುತ್ತದೆ. ಐದಾರು ಸೆಕೆಂಡಿಗೆ ಒಂದು ಸಲ ಒತ್ತಬೇಕು, ನಿಮಿಷಕ್ಕೆ ಹತ್ತು ಹನ್ನೆರಡು. ಚೀಲದಲ್ಲಿ ಸುಮಾರು ಒಂದೂವರೆ ಲೀಟರ್ ಗಾಳಿ ಇದ್ದರೂ ಬೇಕಾದದ್ದು ಅರ್ಧ ಲೀಟರು, ಎದೆ ಏರುವಷ್ಟು. ಕಾರಿಡಾರಿನಲ್ಲಿ ಇದು ಸರಿಯಾಗಿ ನಡೆಯುತ್ತದೆ. ಲಿಫ್ಟಿನ ಬಾಗಿಲು ಮುಚ್ಚಿದೊಡನೆ, ರೋಗಿಯ ಮುಖ ಅಷ್ಟು ಹತ್ತಿರ ಬಂದೊಡನೆ, ಕೈ ಮೂವತ್ತಕ್ಕೆ ಏರುತ್ತದೆ. ಹೆಚ್ಚು ಗಾಳಿ ಹೆಚ್ಚು ಒಳ್ಳೆಯದೆಂದು ಕೈ ನಂಬಿಬಿಟ್ಟಿರುತ್ತದೆ. ಎದೆಯೊಳಗೆ ಒತ್ತಡ ಕೂಡಿ ರೋಗಿಯ ಬಿಪಿ ಇಳಿಯುತ್ತದೆ. ಗಟ್ಟಿಯಾಗಿ ಎಣಿಸಲು ಹೇಳಿ. ಲಿಫ್ಟಿನಲ್ಲಿರುವ ಬೇರೆಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಈ ಉಪಕರಣದ ಮೊದಲ ಆವೃತ್ತಿ ಇದೇ ಕೆಲಸಕ್ಕೆ ಬಂದದ್ದು, 1952ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಗೆ ಆ ವರ್ಷ ಪೋಲಿಯೋ ರೋಗಿಗಳು ಸಾಲುಗಟ್ಟಿ ಬಂದರು. ಆಸ್ಪತ್ರೆಯಲ್ಲಿ ಇದ್ದದ್ದು ದೇಹವನ್ನೇ ಒಳಗಿಟ್ಟು ಉಸಿರಾಡಿಸುವ ದೊಡ್ಡ ಕಬ್ಬಿಣದ ಪೆಟ್ಟಿಗೆ ಒಂದು, ಎದೆಗೆ ಕಟ್ಟುವ ಚಿಕ್ಕ ಯಂತ್ರ ಆರು. ಮೊದಲ ಮೂರು ವಾರದಲ್ಲಿ ಈ ಯಂತ್ರಗಳ ಆಸರೆ ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಅರಿವಳಿಕೆ ವೈದ್ಯ ಬಿಯೋರ್ನ್ ಇಬ್ಸೆನ್ ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ನಳಿಕೆ ಹಾಕಿ, ರಬ್ಬರ್ ಚೀಲ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬಿದರು. ಹುಡುಗಿ ಉಳಿದಳು. ಆದರೆ ಹಗಲೂ ರಾತ್ರಿ ಆ ಚೀಲ ಒತ್ತುವವರು ಯಾರು? ವಿದ್ಯಾರ್ಥಿಗಳನ್ನು ಕರೆಸಿದರು. ಸುಮಾರು 1500 ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಪಾಳಿಯ ಮೇಲೆ ಕೂತು ಒತ್ತಿದರು, ಒಂದು ಹಂತದಲ್ಲಿ ಏಕಕಾಲಕ್ಕೆ 70 ರೋಗಿಗಳಿಗೆ. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಐಸಿಯು ಎಂಬುದು ಬೆಳೆದದ್ದು ಅಲ್ಲಿಂದ. ಆದ್ದರಿಂದ ವೆಂಟಿಲೇಟರಿಗೆ ವಿದ್ಯಾರ್ಥಿ ಸಹಾಯಕ ಎಂದು ತಿಳಿದವರು ಇತಿಹಾಸವನ್ನು ತಲೆಕೆಳಗಾಗಿ ಓದಿದ್ದಾರೆ. ವಿದ್ಯಾರ್ಥಿ ಮೊದಲು, ಅವನ ಕೈ ಸೋತದ್ದಕ್ಕೆ ಯಂತ್ರ ಆಮೇಲೆ.

ಅಲಾರಂ

ವೆಂಟಿಲೇಟರ್ ಕೂಗಿದಾಗ ಹೊಸ ಉಪಕರಣದ ಕೈ ತಾನಾಗಿ ಗಂಟೆಯ ಚಿತ್ರವಿರುವ ಬಟನ್ನಿನ ಕಡೆ ಹೋಗುತ್ತದೆ. ಎರಡು ನಿಮಿಷ ಶಾಂತಿ. ರೋಗಿಗೆ ಏನಾಗಿತ್ತೋ ಅದು ಆಗುತ್ತಲೇ ಇರುತ್ತದೆ, ಸದ್ದಿಲ್ಲದೆ. ಇದನ್ನು ಬಿಡಿಸುವುದು ಹೇಗೆ? ಒಂದೇ ನಿಯಮ: ಬಟನ್ ಒತ್ತುವ ಮೊದಲು ಎದೆ ನೋಡು. ಏಳುತ್ತಿದೆಯೇ, ಎರಡೂ ಬದಿ ಒಂದೇ ಸಮ ಏಳುತ್ತಿದೆಯೇ? ರೋಗಿ ಕೆಡುತ್ತಿದ್ದರೆ ಯಂತ್ರ ಬಿಡಿಸಿ ಕೈಯಿಂದ ಬ್ಯಾಗ್ ಒತ್ತು. ಆಮೇಲೆ ಹುಡುಕು: ನಳಿಕೆ ಸರಿದಿದೆಯೇ, ಕಟ್ಟಿಕೊಂಡಿದೆಯೇ, ಎದೆಯೊಳಗೆ ಗಾಳಿ ಸೋರಿ ಶ್ವಾಸಕೋಶ ಕುಸಿದಿದೆಯೇ, ಇಲ್ಲ ಯಂತ್ರವೇ ಕೈಕೊಟ್ಟಿದೆಯೇ. ಬಹಳ ಸಲ ಕೊಳವೆಯಲ್ಲಿ ನಿಂತ ನೀರೋ, ರೋಗಿ ಕಚ್ಚಿ ಹಿಡಿದ ನಳಿಕೆಯೋ ಆಗಿರುತ್ತದೆ. ಹಾಗಿದ್ದರೂ ಕ್ರಮ ತಪ್ಪಿಸಬಾರದು.

ಅಡ್ಡಬಳಕೆ

ಕೆಳಗಿನ ಕೆಲಸಗಳಿಗೆ ಬಳಸಿದರೆ ವಾರಂಟಿ ಹೋಗುತ್ತದೆ: ಲ್ಯಾಬಿನಿಂದ ರಿಪೋರ್ಟ್ ತರುವುದು, ಯಾರದೋ ಪಾರ್ಸೆಲ್ ಗೇಟಿನಿಂದ ತರುವುದು, ವಾರ ಪೂರ್ತಿ ಸರ್ಕ್ಯೂಟ್ ತೊಳೆದು ಒಣಗಿಸುವುದು. ತೊಳೆಯುವುದನ್ನು ಕಲಿಯಬೇಕು, ಒಪ್ಪಿದೆ. ಆದರೆ ತೊಳೆಯುವುದನ್ನೇ ಕಲಿತು ಪದವಿ ತೆಗೆದುಕೊಂಡವರೂ ಇದ್ದಾರೆ. 2021ರಲ್ಲಿ ಸಂಸತ್ತು ಇಂಥ ಆರೋಗ್ಯ ಸಹವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವೊಂದನ್ನು ಕಾಯ್ದೆ ಮಾಡಿ ಕೊಟ್ಟಿತು. ಗೇಟಿನ ಪಾರ್ಸೆಲ್ ವಿಷಯ ಅದರವರೆಗೆ ಹೋಗುವುದು ಕಷ್ಟ.

ಲಾಗ್‌ಬುಕ್ಕೂ ಅಡ್ಡಬಳಕೆಯ ಇನ್ನೊಂದು ರೂಪ. ನೋಡಿದ್ದು, ಸಹಾಯ ಮಾಡಿದ್ದು, ತಾನೇ ಮಾಡಿದ್ದು ಎಂದು ಮೂರು ಕಾಲಮ್ಮು. ದಿನ ದಿನ ಸಹಿ ಹಾಕಬೇಕೆಂದು ಮೊದಲ ಪುಟದಲ್ಲಿ ಅಚ್ಚಾಗಿದೆ. ಪರೀಕ್ಷೆಗೆ ಮೂರು ದಿನ ಇರುವಾಗ ಕ್ಯಾಂಟೀನಿನ ಮೇಜಿನ ಮೇಲೆ ಒಬ್ಬ ಸೀನಿಯರ್, ಎದುರಿಗೆ ಹನ್ನೊಂದು ಪುಸ್ತಕ, ಒಂದೇ ಪೆನ್ನು, ಕೂತಲ್ಲೇ ಆರು ತಿಂಗಳ ಸಹಿ. ಆ ದಿನ ಎಲ್ಲರ ಪುಸ್ತಕದಲ್ಲೂ ಎಲ್ಲವೂ ‘ತಾನೇ ಮಾಡಿದ್ದು’ ಆಗಿಬಿಡುತ್ತದೆ. ಇದಕ್ಕಿಂತ, ನಾಲ್ಕೇ ಸಹಿ ಇದ್ದು ನಾಲ್ಕೂ ನಿಜವಾಗಿರುವ ಪುಸ್ತಕ ಮೇಲು ಎಂದು ನನ್ನ ಅಭಿಪ್ರಾಯ. ಪರೀಕ್ಷಕರ ಅಭಿಪ್ರಾಯ ಬೇರೆ ಇರಬಹುದು.

ಸ್ಟ್ಯಾಂಡ್‌ಬೈ

ರೋಗಿ ತೀರಿಕೊಂಡ ಮೇಲೆ ವೆಂಟಿಲೇಟರನ್ನು ಸ್ಟ್ಯಾಂಡ್‌ಬೈಗೆ ಹಾಕಲು ಹೆಚ್ಚಾಗಿ ವಿದ್ಯಾರ್ಥಿಗೆ ಹೇಳುತ್ತಾರೆ. ಬಟನ್ ಒಂದು ಸಲ ಒತ್ತಿದರೆ ಯಂತ್ರ ಖಚಿತವೇ ಎಂದು ಕೇಳುತ್ತದೆ, ಇನ್ನೊಮ್ಮೆ ಒತ್ತಬೇಕು. ಮೊದಲ ಸಲ ಇದನ್ನು ಒಬ್ಬರಿಂದಲೇ ಮಾಡಿಸಬೇಡಿ. ಆಮೇಲೆ ಹತ್ತು ನಿಮಿಷ ಯಾವ ಕೆಲಸವನ್ನೂ ಹೇಳಬೇಡಿ.

ವೀನಿಂಗ್

ಸೀನಿಯರಿನ ಆಸರೆಯಿಂದ ವಿದ್ಯಾರ್ಥಿಯನ್ನು ಬಿಡಿಸುವ ಕ್ರಮ ರೋಗಿಯನ್ನು ವೆಂಟಿಲೇಟರಿನಿಂದ ಬಿಡಿಸುವ ಕ್ರಮವೇ. ಯಂತ್ರದ ಆಸರೆ ಕಡಿಮೆ ಮಾಡಿ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ರೋಗಿಯನ್ನು ತನ್ನಷ್ಟಕ್ಕೆ ಉಸಿರಾಡಲು ಬಿಡುತ್ತೇವೆ. ಉಸಿರಾಟದ ವೇಗವನ್ನು ಒಂದು ಉಸಿರಿನ ಗಾತ್ರದಿಂದ, ಲೀಟರಿನಲ್ಲಿ, ಭಾಗಿಸಿದರೆ 105ಕ್ಕಿಂತ ಕಡಿಮೆ ಬರಬೇಕು. 1991ರಲ್ಲಿ ಯಾಂಗ್ ಮತ್ತು ಟೋಬಿನ್ ಹಾಕಿಕೊಟ್ಟ ಗೆರೆ ಇದು. ಉಸಿರು ನಿಮಿಷಕ್ಕೆ 35 ಮೀರಿತೇ, ನಾಡಿ 140 ದಾಟಿತೇ, ಬೆವರಿತೇ, ನಿಲ್ಲಿಸಿ. ವಿದ್ಯಾರ್ಥಿಗೂ ಇವೇ ಗುರುತು. ‘ನಾನು ಕಾಫಿಗೆ ಹೋಗ್ತೀನಿ, ನೀನು ನೋಡ್ಕೋ’ ಎಂದು ಹೊರಗೆ ಬನ್ನಿ. ಕಾಫಿಗೆ ಹೋಗಬೇಡಿ, ಬಾಗಿಲ ಹಿಂದೆ ನಿಲ್ಲಿ. ಬೆವರುತ್ತಿದ್ದರೆ ಒಳಗೆ ಹೋಗಿ ಏನೂ ಆಗದವರಂತೆ ಪೆನ್ನು ಕೇಳಿ.

ಬೆವರದೆ ಇದ್ದರೆ ಅವಳೇ ನಳಿಕೆ ತೆಗೆಯಲಿ. ಮಂಚದ ತಲೆಭಾಗ ಎತ್ತಿ, ನಳಿಕೆಯಲ್ಲೂ ಬಾಯಲ್ಲೂ ಇರುವ ಕಫ ಎಳೆದು, ನಳಿಕೆಯ ಬಲೂನಿನ (ಕಫ್) ಗಾಳಿ ಬಿಟ್ಟು, ‘ಜೋರಾಗಿ ಉಸಿರು ಎಳ್ಕೊಳ್ಳಿ, ಈಗ ಕೆಮ್ಮಿ’ ಎಂದು ಹೇಳಿ, ಆ ಕೆಮ್ಮಿನ ಜೊತೆಗೇ ಒಂದೇ ಸಲಕ್ಕೆ ಹೊರಗೆ. ಆಕ್ಸಿಜನ್ ಮಾಸ್ಕ್ ಇನ್ನೊಂದು ಕೈಯಲ್ಲಿ ಸಿದ್ಧವಿರಬೇಕು. ಕತ್ತಿನ ಮೇಲೆ ಸ್ಟೆತಾಸ್ಕೋಪ್ ಇಟ್ಟು ಸೀಟಿಯಂಥ ಸದ್ದಿದೆಯೇ ಕೇಳಬೇಕು.

ಅಷ್ಟು ದಿನ ಕಣ್ಣಿನಲ್ಲೇ ಮಾತಾಡಿದ ಮನುಷ್ಯನಿಗೆ ಗೊಗ್ಗರು ದನಿ ಬರುತ್ತದೆ. ಸಾಮಾನ್ಯವಾಗಿ ಎರಡು ಪ್ರಶ್ನೆ ಬರುತ್ತವೆ: ‘ಯಾವೂರಮ್ಮ ನಿಂದು?’ ಮತ್ತು ‘ಸ್ವಲ್ಪ ನೀರು ಕೊಡ್ತೀಯಾ?’ ಮೊದಲನೆಯದಕ್ಕೆ ಉತ್ತರಿಸಲು ವಿದ್ಯಾರ್ಥಿಗೆ ಅನುಮತಿ ಇದೆ. ನೀರು ಮಾತ್ರ, ನುಂಗುವುದು ಸರಿಯಿದೆಯೆಂದು ಪರೀಕ್ಷಿಸಿ, ಡಾಕ್ಟರು ಹೇಳಿದ ಮೇಲೆ.